ಒಳಗೆ ಆನೆ ಇದ್ದ ಪದ

ಉಡಿಗಾಲದ ಪುಟ್ಟಮಲ್ಲಪ್ಪನವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರೂಪಶ್ರೀ, ಚಿಕ್ಕವಳು ಮೇಘನಾ. ನಡುವೆ ಒಂಬತ್ತು ವರ್ಷದ ಅಂತರ. ತಾಯಿ ತೀರಿಕೊಂಡಾಗ ಮೇಘನಾ ಇನ್ನೂ ಅಂಗನವಾಡಿಯಲ್ಲಿದ್ದಳು. ಆಮೇಲೆ ಅವಳ ತಲೆ ಬಾಚುವುದು, ಉಗುರು ಕತ್ತರಿಸುವುದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂರುವುದು ಎಲ್ಲ ರೂಪಶ್ರೀಯ ಪಾಲಿಗೆ ಬಂತು. ಯಾರೂ ಅವಳಿಗೆ ಹೇಳಿ ಮಾಡಿಸಲಿಲ್ಲ. ತಾನಾಗಿಯೇ ಮಾಡಿದಳು.

ಮೇಘನಾಳಿಗೆ ಇಂಗ್ಲಿಷ್ ಎಂದರೆ ಜ್ವರ ಬರುತ್ತಿತ್ತು. ಆರನೇ ತರಗತಿಯಲ್ಲಿ ಇಂಗ್ಲಿಷ್ ಪರೀಕ್ಷೆಯ ದಿನ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗಿ ಕೂತು ಶಾಲೆ ತಪ್ಪಿಸಿಕೊಂಡಿದ್ದಳು. ರೂಪಶ್ರೀ ಆಗ ಚಾಮರಾಜನಗರದಲ್ಲಿ ಬಿ.ಎ. ಓದುತ್ತಿದ್ದಳು. ವ್ಯಾಕರಣ ಹೇಳಿಕೊಟ್ಟು ನೋಡಿದಳು, ಗದರಿಸಿ ನೋಡಿದಳು, ಯಾವುದೂ ನಡೆಯಲಿಲ್ಲ. ಒಂದು ಸಂಜೆ ಮನೆ ಮುಂದಿನ ಹಟ್ಟಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಕಾಲೇಜಿನ ನಿಘಂಟಿನಲ್ಲಿ ಕಂಡಿದ್ದ ಒಂದು ವಿಚಿತ್ರ ಪದ ನೆನಪಾಗಿ, "ಮಂಪ್ಸಿಮಸ್ ಅಂದ್ರೆ ಏನು ಹೇಳು ನೋಡನ" ಎಂದಳು.

ಮೇಘನಾ ಒಂದು ಕ್ಷಣ ಯೋಚಿಸಿ, "ಮಂಪರು ಹತ್ತಿದ ಮನುಷ್ಯ" ಎಂದಳು.

ರೂಪಶ್ರೀ ನಕ್ಕ ನಗುವಿಗೆ ಒಳಗಿದ್ದ ತಂದೆ ಎದ್ದು ಹೊರಗೆ ಬಂದರು. ತಪ್ಪು ಎಂದು ತೋರಿಸಿಕೊಟ್ಟ ಮೇಲೂ ಹಟ ಹಿಡಿದು ಅದನ್ನೇ ಹೇಳುವವನಿಗೆ ಇಂಗ್ಲಿಷಿನವರು ಹಾಗೆನ್ನುತ್ತಾರೆ ಎಂದು ರೂಪಶ್ರೀ ವಿವರಿಸಿದಾಗ ಮೇಘನಾ, "ಅಂಗಾದ್ರೆ ನಮ್ಮ ಲೆಕ್ಕದ ಮೇಷ್ಟ್ರು" ಎಂದಳು. ಅಲ್ಲಿಂದ ಆಟ ಶುರುವಾಯಿತು. ಯಾರೂ ಕೇಳಿರದಂಥ ಇಂಗ್ಲಿಷ್ ಪದವನ್ನು ಒಬ್ಬರು ಹೇಳಬೇಕು. ಇನ್ನೊಬ್ಬರು ಅದರ ಒಳಗೆ ಅಡಗಿರುವ ಕನ್ನಡವನ್ನು ಹುಡುಕಿ ಅರ್ಥ ಊಹಿಸಬೇಕು. ಉತ್ತರ ಸರಿಯಾದರೆ ಒಳ್ಳೆಯದು. ತಪ್ಪಾಗಿ ನಗು ಬಂದರೆ ಇನ್ನೂ ಒಳ್ಳೆಯದು.

ಗೊಂಗೂಜ್ಲರ್ ಎಂದರೆ ಗೊಣಗುವವನು ಎಂದು ಮೇಘನಾ ಊಹಿಸಿದಳು. ಕಾಲುವೆಯ ದಡದಲ್ಲಿ ನಿಂತು ಓಡಾಡುವ ದೋಣಿಗಳನ್ನು ಸುಮ್ಮನೆ ನೋಡುವವನು ಎಂಬುದು ಸರಿಯಾದ ಅರ್ಥ. "ಅದುಕ್ಕೂ ಒಂದು ಪದ ಬೇಕಾ? ನಮ್ಮ ಕೆರೆ ಏರಿ ಮೇಲೆ ಕೂತಿರೋರೆಲ್ಲ ಅವರೇ ಅಲ್ವಾ?" ಎಂದು ಅವಳು ಬೆರಗಾದಳು. ಬೊರ್ಬೊರಿಗ್ಮಸ್ ಎಂದರೆ ಬೋರ್‌ವೆಲ್ ಕೊರೆಯುವ ಸದ್ದು ಎಂದಳು. ಹಸಿದ ಹೊಟ್ಟೆಯ ಗುಡುಗುಡು ಎಂದು ತಿಳಿದಾಗ, "ಮುಕ್ಕಾಲು ಸರಿ ಹೇಳಿದೀನಿ" ಎಂದು ವಾದಿಸಿದಳು. ಹೀಗೆ ಆಡುತ್ತಾ ಆಡುತ್ತಾ ಅವಳ ಹೆದರಿಕೆ ಹೋಯಿತು. ಹತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಹೆಚ್ಚು ಅಂಕ ಬಂತು. ಮುಂದೆ ಬಿ.ಕಾಂ. ಮುಗಿಸಿದಳು.

ರೂಪಶ್ರೀ ಸಂತೆಮರಹಳ್ಳಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರಾದಳು. ಮದುವೆ ಮಾತು ಬಂದಾಗಲೆಲ್ಲ ತಂಗಿಯದು ಮುಗಿಯಲಿ ಎನ್ನುತ್ತಿದ್ದಳು. ತಂಗಿಯದು ಮುಗಿಯುವಷ್ಟರಲ್ಲಿ ಕೇಳುವವರೇ ನಿಂತುಹೋಗಿದ್ದರು. ಅದರ ಬಗ್ಗೆ ಅವಳಿಗೆ ದೊಡ್ಡ ಬೇಸರವೇನೂ ಇರಲಿಲ್ಲ.

ಮೇಘನಾಳನ್ನು ಕೊಟ್ಟದ್ದು ಗುಂಡ್ಲುಪೇಟೆಗೆ. ಗಂಡ ಮಾದೇಶ್ ಗುಂಡ್ಲುಪೇಟೆಯ ತರಕಾರಿಯನ್ನು ತನ್ನ ಗಾಡಿಯಲ್ಲಿ ಕೇರಳದ ಬತ್ತೇರಿಗೆ ಸಾಗಿಸುತ್ತಿದ್ದ. ಮಲೆಯಾಳವನ್ನು ಕನ್ನಡದಷ್ಟೇ ಸಲೀಸಾಗಿ ಮಾತಾಡುತ್ತಿದ್ದ. ಮನೆಯಲ್ಲಿ ಅವನ ತಾಯಿ ದೊಡ್ಡಮಲ್ಲಮ್ಮ ಮಾತ್ರ. ಮಾತು ಕಡಿಮೆಯ ಹೆಂಗಸು. ನಕ್ಕದ್ದನ್ನು ಮೇಘನಾ ನೋಡಿರಲಿಲ್ಲ.

ಅಕ್ಕತಂಗಿಯರ ಆಟ ಫೋನಿಗೆ ಹೋಯಿತು. ಪೀಠಿಕೆ ಏನೂ ಇಲ್ಲದೆ ಬರೀ ಒಂದು ಪದ ಬರುತ್ತಿತ್ತು. ಅದಕ್ಕೆ ಉತ್ತರ ಹೋಗುತ್ತಿತ್ತು. ಒಮ್ಮೆ ರೂಪಶ್ರೀ ಕಾಕಿಸ್ಟಾಕ್ರಸಿ ಎಂದು ಕಳಿಸಿದಾಗ ಮಾದೇಶನೇ ಹೆಂಡತಿಯ ಫೋನು ಕಸಿದುಕೊಂಡು ಧ್ವನಿ ಸಂದೇಶ ಕಳಿಸಿದ: "ಕಾಕಿ ಬಟ್ಟೆಯೋರ ದರ್ಬಾರು ಕಣಕ್ಕ, ದಿನಾ ಚೆಕ್‌ಪೋಸ್ಟಲ್ಲಿ ನೋಡ್ತಿನಲ್ಲ!" ಅತಿ ಕೆಟ್ಟವರು ನಡೆಸುವ ಆಡಳಿತ ಎಂದು ರೂಪಶ್ರೀ ತಿಳಿಸಿದ ಮೇಲೂ, ತಾನು ಹೇಳಿದ್ದೇ ಸರಿ ಎಂದು ಅವನು ನಗುತ್ತಿದ್ದದ್ದು ಕೇಳಿಸಿತು.

ಮದುವೆಯಾಗಿ ಎರಡು ವರ್ಷಕ್ಕೆ ಮೇಘನಾ ಬಸುರಿಯಾದಳು. ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೆ ರೂಪಶ್ರೀ ಒಂದು ಪದ ಕಳಿಸಿದಳು: ಕ್ವಿಕನಿಂಗ್. ಈ ಸಲ ಮೇಘನಾ ತಮಾಷೆ ಮಾಡಲಿಲ್ಲ. "ಬೇಗ ಬೇಗ ಮಾಡೋದು ಅಂತಾನಾ? ಗೊತ್ತಿಲ್ಲ, ನೀನೇ ಹೇಳು" ಎಂದು ಬರೆದಳು. ಹೊಟ್ಟೆಯೊಳಗೆ ಮಗು ಮಿಸುಕಾಡಿದ್ದು ತಾಯಿಗೆ ಮೊದಲ ಸಲ ತಿಳಿಯುವುದು ಎಂದು ರೂಪಶ್ರೀ ಉತ್ತರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮೇಘನಾಳ ಫೋನೇ ಬಂತು.

"ಅಕ್ಕ, ಅದು ನಿನ್ನೆ ಆಯ್ತು. ಮೀನು ತಿರುಗಿದಂಗೆ. ಯಾರ್ಗೂ ಹೇಳಿಲ್ಲ ಇನ್ನೂ. ನಿಂಗೇ ಮೊದಲು."

ಐದು ತಿಂಗಳು ತುಂಬಿದ ಮೇಲೆ ಚಾಮರಾಜನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಎಂದು ನಿಗದಿಯಾಯಿತು. ಮೂರನೇ ತಿಂಗಳಲ್ಲಿ ಒಂದು ಸ್ಕ್ಯಾನ್ ಆಗಬೇಕಿತ್ತು. ಆಗ ಮೇಘನಾಳಿಗೆ ವಾಂತಿ ವಿಪರೀತವಾಗಿ ಬಸ್ಸು ಹತ್ತುವ ಸ್ಥಿತಿ ಇರಲಿಲ್ಲ. ಮುಂದೆ ಮಾಡಿಸೋಣ ಎಂದು ಬಿಟ್ಟಿದ್ದರು. ಈ ಸ್ಕ್ಯಾನಿನ ದಿನ ಮಾದೇಶ್ ಬೀನ್ಸ್ ತುಂಬಿಕೊಂಡು ಬತ್ತೇರಿಗೆ ಹೋಗಲೇಬೇಕಾಗಿತ್ತು. ದೊಡ್ಡಮಲ್ಲಮ್ಮನಿಗೆ ಮಂಡಿನೋವು. "ನಾನೊಬ್ಳೇ ಓಗ್ಬತ್ತೀನಿ, ಅಲ್ಲಿ ಅಕ್ಕ ಬತ್ತಾಳೆ" ಎಂದು ಮೇಘನಾ ಬಸ್ಸು ಹತ್ತಿದಳು. ರೂಪಶ್ರೀಗೆ ಬೆಳಗ್ಗೆ ಕಿರುಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದಳು.

ಪರೀಕ್ಷೆ ಮುಗಿದು ರೂಪಶ್ರೀ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ಜೋಡಿಸುತ್ತಿದ್ದಾಗ ಫೋನು ಕಿಣಿಗುಟ್ಟಿತು. ಮೇಘನಾಳದು. ಬರೀ ಒಂದು ಪದ. ಅನೆನ್ಸೆಫಲಿ. ಅದರ ಕೆಳಗೆ, "ಏನು ಹೇಳು ಅಕ್ಕ."

ಸ್ಕ್ಯಾನಿಗೆ ಕಾದು ಕೂತು ಬೇಜಾರಾಗಿ ಆಟ ಶುರುಮಾಡಿದ್ದಾಳೆ ಎಂದುಕೊಂಡಳು ರೂಪಶ್ರೀ. ಆ ಪದ ಅವಳಿಗೆ ಗೊತ್ತಿರಲಿಲ್ಲ. ಆದರೆ ನೋಡಿದ ತಕ್ಷಣ ಅದರೊಳಗಿನ ಕನ್ನಡ ಕಂಡಿತು. ನಗು ಬಂತು. ಬೆರಳು ತಾನಾಗಿಯೇ ಓಡಿತು. "ಇದರೊಳಗೆ ಆನೆ ಇದೆ. ಬಂಡೀಪುರದ ಆನೆಗೆ ತಲೆ ಕೆಟ್ಟರೆ ಬರೋ ಕಾಯಿಲೆ. ಸರಿನಾ?" ಕೊನೆಗೆ ನಗುವ ಮುಖಗಳನ್ನು ಸಾಲಾಗಿ ಹಾಕಿ ಕಳಿಸಿದಳು. ಪಕ್ಕದಲ್ಲಿದ್ದ ವಿಜ್ಞಾನದ ಟೀಚರಿಗೂ ತೋರಿಸೋಣ ಎಂದು ತಲೆ ಎತ್ತಿದಳು. ಅವರು ಆಗಲೇ ತರಗತಿಗೆ ಹೋಗಿದ್ದರು.

ಮೇಘನಾ ಓದಿದ್ದಾಳೆ ಎಂದು ಫೋನು ತೋರಿಸಿತು. ಉತ್ತರ ಬರಲಿಲ್ಲ. ತಪ್ಪಾದರೆ 'ತಪ್ಪು' ಎಂದು ತಕ್ಷಣ ಬರೆಯುವವಳು. ರೂಪಶ್ರೀ ಒಂಬತ್ತನೇ ತರಗತಿಗೆ ಹೋಗಿ ಪಾಠ ಶುರುಮಾಡಿದಳು. ಹುಡುಗಿಯೊಬ್ಬಳು ಗಟ್ಟಿಯಾಗಿ ಓದುತ್ತಿದ್ದಳು. ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದ ರೂಪಶ್ರೀಗೆ ಇದ್ದಕ್ಕಿದ್ದಂತೆ ಒಂದು ವಿಷಯ ಹೊಳೆಯಿತು. ಮೇಘನಾ ಆ ಪದವನ್ನು ಎಲ್ಲಿ ನೋಡಿದಳು? ಅವಳ ಕೈಯಲ್ಲಿ ನಿಘಂಟಿರಲಿಲ್ಲ. ಅವಳ ಕೈಯಲ್ಲಿ ಇದ್ದಿರಬಹುದಾದ ಕಾಗದ ಒಂದೇ.

ತರಗತಿಯಲ್ಲಿ ಫೋನು ತೆಗೆಯಬಾರದು ಎಂಬುದು ಶಾಲೆಯ ನಿಯಮ. ಅವಳು ತೆಗೆದಳು. ಅರ್ಥ ಒಂದೇ ಸಾಲಿನಲ್ಲಿತ್ತು. ತಲೆಬುರುಡೆಯ ಮೇಲ್ಭಾಗವೂ ಮೆದುಳಿನ ಬಹುಪಾಲೂ ಇಲ್ಲದೆ ಮಗು ಬೆಳೆಯುವ ಸ್ಥಿತಿ.

ಓದುತ್ತಿದ್ದ ಹುಡುಗಿ ನಿಲ್ಲಿಸಿ, "ಮಿಸ್, ಮುಂದಕ್ಕೆ ಓದ್ಲಾ?" ಎಂದಳು. ರೂಪಶ್ರೀ ಹೂಂ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಹೆಡ್‌ಮಾಸ್ಟರರ ಕೊಠಡಿಯ ಬಾಗಿಲಲ್ಲಿ ನಿಂತು ತಂಗಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ ಬಸ್ ನಿಲ್ದಾಣದ ಕಡೆ ಓಡಿದಳು. ಬಸ್ಸಿನಲ್ಲಿ ಮತ್ತೆ ಮತ್ತೆ ಫೋನು ಮಾಡಿದಳು. ಮೇಘನಾ ಎತ್ತಲಿಲ್ಲ. ಕಳಿಸಿದ ಸಂದೇಶವನ್ನು ಅಳಿಸಿಬಿಡೋಣ ಎಂದು ತೆರೆದಳು. ನಗುವ ಮುಖಗಳ ಸಾಲು ಕಂಡಿತು. ಈಗಾಗಲೇ ಓದಿಯಾಗಿರುವುದನ್ನು ಅಳಿಸಿ ಏನು ಬಂತು ಎಂದು ಫೋನನ್ನು ಚೀಲದ ತಳಕ್ಕೆ ತುರುಕಿದಳು.

ಸ್ಕ್ಯಾನಿಂಗ್ ಸೆಂಟರಿನ ಬೆಂಚುಗಳ ಮೇಲೆ ಬಸುರಿಯರು, ಅವರ ಗಂಡಂದಿರು, ಅತ್ತೆಯರು ತುಂಬಿದ್ದರು. ಮೂಲೆಯ ಬೆಂಚಿನಲ್ಲಿ ಮೇಘನಾ ರಿಪೋರ್ಟಿನ ಲಕೋಟೆಯನ್ನು ಹೊಟ್ಟೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಅಕ್ಕನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಡಾಕ್ಟ್ರು ಮನೆಯೋರು ಯಾರಾದ್ರೂ ಬರ್ಲಿ ಅಂದ್ರು. ಏನೂ ಹೇಳ್ಲಿಲ್ಲ. ಅದುಕ್ಕೆ ನಾನೇ ತೆಗೆದು ಓದ್ದೆ."

"ಮೇಘು, ನಂಗೆ ಗೊತ್ತಾಗ್ಲಿಲ್ಲ ಕಣಮ್ಮಿ. ಆಟ ಅನ್ಕೊಂಡ್ಬುಟ್ಟೆ."

"ಆಟದ್ ಥರಾನೇ ಕಳಿಸ್ದೆ ನಾನೂ. ನಿಂಗೆ ಗೊತ್ತಿರ್ತದೆ, ಏನೋ ಸಣ್ಣದು ಕಣಮ್ಮಿ ಅಂತೀಯ ಅನ್ಕೊಂಡೆ. ನೀನು ಆನೆ ಅಂದೆ. ನಂಗೆ ನಗು ಬಂದ್ಬುಡ್ತು ಅಕ್ಕ. ಜೋರಾಗಿ ನಕ್ಬುಟ್ಟೆ. ಇವರೆಲ್ಲ ತಿರುಗಿ ನೋಡಿದ್ರು." ಅವಳು ಸುತ್ತ ಇದ್ದವರ ಕಡೆ ಕಣ್ಣು ತೋರಿಸಿದಳು. "ಆಮೇಲೆ ಫೋನಲ್ಲಿ ನಾನೇ ಹುಡುಕ್ದೆ."

ರೂಪಶ್ರೀ ತಂಗಿಯ ಕೈ ಹಿಡಿದುಕೊಂಡಳು. ಅಂಗೈ ತಣ್ಣಗಿತ್ತು.

ಒಳಗೆ ಡಾಕ್ಟರಮ್ಮ ನಿಧಾನವಾಗಿ, ಇಂಗ್ಲಿಷ್ ಬೆರೆಸಿ ವಿವರಿಸಿದರು. ಒಂಬತ್ತು ತಿಂಗಳು ಹೊತ್ತರೂ ಈ ಮಗು ಉಳಿಯುವುದಿಲ್ಲ, ಹುಟ್ಟಿದ ಮೇಲೆ ಕೆಲವು ಗಂಟೆಗಳಿದ್ದರೆ ಹೆಚ್ಚು ಎಂದರು. ಈಗಲೇ ಆಸ್ಪತ್ರೆಗೆ ಸೇರಿ ತೆಗೆಸಿಕೊಳ್ಳುವುದು ತಾಯಿಗೆ ಒಳ್ಳೆಯದು, ಆದರೆ ಮನೆಯಲ್ಲಿ ಮಾತಾಡಿಕೊಂಡು ನೀವೇ ತೀರ್ಮಾನಿಸಿ ಎಂದರು.

"ನಾನೇನಾದ್ರೂ ತಪ್ಪು ತಿಂದ್ನಾ ಮೇಡಂ?" ಎಂದಳು ಮೇಘನಾ.

"ಇಲ್ಲಮ್ಮ. ನೀವು ಮಾಡಿದ್ದರಿಂದ ಆಗಿದ್ದಲ್ಲ ಇದು."

"ಒದೀತದೆ ಮೇಡಂ ಅದು. ಈಗ್ಲೂ ಒದೀತು."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೌದು. ಒದೆಯುತ್ತೆ" ಎಂದರು.

ಹೊರಗೆ ಬಂದ ಮೇಲೆ ಮೇಘನಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಕ್ಕ, ಇಂಗ್ಲಿಷಲ್ಲಿ ಎಲ್ಲಾ ಅರ್ಥ ಆಯ್ತು. ಒಂದ್ಸಲ ನಮ್ಮ ಮಾತಲ್ಲಿ ಹೇಳ್ಬುಡು" ಎಂದಳು.

ರೂಪಶ್ರೀ ಅವಳ ಎದುರು ಕುಕ್ಕರುಗಾಲಲ್ಲಿ ಕೂತಳು. ಎಷ್ಟೋ ಪದಗಳ ಅರ್ಥವನ್ನು ಈ ಹುಡುಗಿಗೆ ಬಿಡಿಸಿ ಹೇಳಿದ್ದಳು. ಈಗ ಅವಳ ಮಂಡಿಯ ಮೇಲೆ ಕೈಯಿಟ್ಟು, "ಮಗೀಗೆ ತಲೆ ಕೂಡಿಲ್ಲ ಕಣಮ್ಮಿ. ಉಳಿಯಲ್ಲ ಅದು" ಎಂದಳು. ಮೇಘನಾ ಅಕ್ಕನ ಭುಜಕ್ಕೆ ಬಾಯಿ ಒತ್ತಿಕೊಂಡು ಅತ್ತಳು. ಸೀರೆಯ ಆ ಭಾಗ ಪೂರ್ತಿ ಒದ್ದೆಯಾಯಿತು.

ಸಂಜೆ ಗುಂಡ್ಲುಪೇಟೆಯ ಮನೆಯಲ್ಲಿ ದೊಡ್ಡಮಲ್ಲಮ್ಮ ಜಗಲಿಯ ಮೇಲೆ ಕಾಯುತ್ತಾ ಕೂತಿದ್ದಳು. ಮಾದೇಶ್ ಬತ್ತೇರಿಯಿಂದ ಆಗಷ್ಟೇ ಬಂದಿದ್ದ. ಫೋನಿನಲ್ಲಿ ಅರ್ಧಂಬರ್ಧ ಕೇಳಿಸಿಕೊಂಡಿದ್ದ ಅವನು ಹೆಂಡತಿಯ ಮುಖ ನೋಡಿ ಅವಳನ್ನು ಒಳಗೆ ಕರೆದುಕೊಂಡು ಹೋದ.

"ಅದೇನ್ ಏಳುದ್ರು ಡಾಕ್ಟ್ರು? ಬುಡ್ಸಿ ಏಳವ್ವ. ನಂಗೆ ಇಂಗ್ಲೀಸ್ ಬ್ಯಾಡ" ಎಂದಳು ದೊಡ್ಡಮಲ್ಲಮ್ಮ.

ರೂಪಶ್ರೀ ಎರಡನೇ ಸಲ ಅದನ್ನು ಹೇಳಿದಳು. ಎರಡನೇ ಸಲ ಸುಲಭವಾಗಬೇಕಿತ್ತು. ಆಗಲಿಲ್ಲ.

ದೊಡ್ಡಮಲ್ಲಮ್ಮ ಮಂಡಿ ಹಿಡಿದುಕೊಂಡು ಜಗಲಿಯಿಂದ ಎದ್ದಳು. "ಆ ಮಿಸೀನು ಸುಳ್ಳಾಡ್ಬೋದು. ಮೈಸೂರಲ್ಲಿ ಇನ್ನೊಂದ್ ದಪ ತೋರುಸ್ಬುಡಿ" ಎಂದಳು. ಆ ಮಾತು ಕೇಳಿದ್ದೇ ರೂಪಶ್ರೀಯ ಎದೆಯಲ್ಲಿ ಏನೋ ಎದ್ದು ಕೂತಿತು. ತಪ್ಪಿರಬಹುದು. ಯಂತ್ರ ಹಳೆಯದಿರಬಹುದು. ಮಗು ಮಗ್ಗುಲಾಗಿ ಮಲಗಿದ್ದು ತಲೆ ಕಾಣದೆ ಹೋಗಿರಬಹುದು. ಮರುದಿನ ನಾಲ್ವರೂ ಮಾದೇಶನ ಗೆಳೆಯನ ಕಾರಿನಲ್ಲಿ ಮೈಸೂರಿಗೆ ಹೋದರು. ನಂಜನಗೂಡಿನಲ್ಲಿ ದೊಡ್ಡಮಲ್ಲಮ್ಮ ದೇವಸ್ಥಾನದ ಗೋಪುರಕ್ಕೆ ಕಾರಿನಿಂದಲೇ ಕೈಮುಗಿದಳು.

ಮೈಸೂರಿನ ರಿಪೋರ್ಟಿನಲ್ಲೂ ಅದೇ ಪದ ಇತ್ತು.

ಎರಡು ದಿನ ಕಳೆದು ಮೇಘನಾಳನ್ನು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ತೀರ್ಮಾನ ಅವಳದೇ. "ಹೊತ್ಕೊಂಡಷ್ಟೂ ಆಸೆ ಬೆಳೀತದೆ. ನಂಗೆ ಆಗಲ್ಲ" ಎಂದಿದ್ದಳು. ಮಾತ್ರೆ ಕೊಟ್ಟರು. ನೋವು ನಿಜವಾದ ಹೆರಿಗೆಯ ನೋವೇ. ರೂಪಶ್ರೀ ಒಳಗೆ ಅವಳ ತಲೆಯ ಬಳಿ ನಿಂತಿದ್ದಳು. ಪಕ್ಕದ ಕೋಣೆಯಲ್ಲಿ ಬೇರೆ ಯಾರಿಗೋ ಹೆರಿಗೆಯಾಗಿ ಕೂಸು ಅಳುತ್ತಿತ್ತು. ಮೇಘನಾ ಆ ಅಳು ಕೇಳಿ ತಲೆಯನ್ನು ಆ ಕಡೆ ತಿರುಗಿಸಿದಳು. ರೂಪಶ್ರೀ ಎರಡೂ ಅಂಗೈಗಳಿಂದ ಅವಳ ಕಿವಿ ಮುಚ್ಚಿದಳು.

ಎಲ್ಲ ಮುಗಿದ ಮೇಲೆ ನರ್ಸು ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹುಬ್ಬಿನವರೆಗೂ ಮುಸುಕು ಹಾಕಿ ತಂದಳು. "ನೋಡ್ತೀರಾ? ನೋಡ್ಲೇಬೇಕು ಅಂತೇನಿಲ್ಲ" ಎಂದಳು.

"ಕೊಡಿ" ಎಂದಳು ಮೇಘನಾ.

ಅಂಗೈಗಿಂತ ಚಿಕ್ಕ ಮುಖ. ಮುಚ್ಚಿದ ಕಣ್ಣು, ಸಣ್ಣ ಮೂಗು. ತುಟಿ ಮಾದೇಶನದು. ಬಟ್ಟೆಯಿಂದ ಹೊರಗೆ ಬಂದಿದ್ದ ಒಂದು ಕೈಯಲ್ಲಿ ಬೆರಳುಗಳು ಪೂರ್ತಿ ಇದ್ದವು, ಉಗುರೂ ಮೂಡುತ್ತಿತ್ತು. ಮೇಘನಾ ತನ್ನ ಕಿರುಬೆರಳ ತುದಿಯನ್ನು ಅದರ ಅಂಗೈಯೊಳಗೆ ಇಟ್ಟಳು. ಮುಸುಕನ್ನು ಮುಟ್ಟಲಿಲ್ಲ. "ಹೆಣ್ಣು ಮಗು" ಎಂದಳು ನರ್ಸು. ಮಾದೇಶ್ ಬಾಗಿಲ ಬಳಿ ಗೋಡೆಗೆ ಹಣೆಯಿಟ್ಟು ನಿಂತಿದ್ದ. ನರ್ಸು ಕೂಸನ್ನು ಅವನ ಕೈಗೆ ಕೊಟ್ಟಾಗ, ಭಾರವೇ ಇಲ್ಲದ ಆ ಗಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎದೆಗೆ ಒತ್ತಿಕೊಂಡು ಹೊರಗೆ ನಡೆದ. ಗುಂಡ್ಲುಪೇಟೆಯ ಹೊಲದ ಬದುವಿನಲ್ಲಿ, ತನ್ನ ತಂದೆಯ ಸಮಾಧಿಯ ಪಕ್ಕದಲ್ಲಿ ತಾನೇ ಗುದ್ದಲಿ ಹಿಡಿದು ಮಣ್ಣು ಮಾಡಿದ ಎಂದು ಆಮೇಲೆ ತಿಳಿಯಿತು.

ರೂಪಶ್ರೀ ಶಾಲೆಗೆ ರಜೆ ಹಾಕಿ ತಂಗಿಯ ಜೊತೆ ಗುಂಡ್ಲುಪೇಟೆಗೆ ಹೋದಳು. ಆನೆಯ ವಿಷಯವನ್ನು ಮೊದಲ ದಿನ ಇಬ್ಬರೂ ಎತ್ತಲಿಲ್ಲ. ಮರುದಿನ ಮಧ್ಯಾಹ್ನ ರೂಪಶ್ರೀ ತಾನಾಗಿಯೇ, "ಅವತ್ತು ನಾನು ಹಂಗೆ ಬರೀಬಾರ್ದಿತ್ತು" ಎಂದಳು. ಮೇಘನಾ ಗೋಡೆಯ ಕಡೆ ತಿರುಗಿ ಮಲಗಿ, "ನಿಂಗೇನ್ ಗೊತ್ತಿತ್ತು ಬುಡು" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು ರೂಪಶ್ರೀಗೆ. ಬೈದಿದ್ದರೆ, ಫೋನು ಎತ್ತಿ ಎಸೆದಿದ್ದರೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಯಿಂದ ಬಂದ ಮೂರನೇ ದಿನ ಬೆಳಗ್ಗೆ ದೊಡ್ಡಮಲ್ಲಮ್ಮ ಕುಂಟುತ್ತಾ ಪೇಟೆಗೆ ಹೋಗಿ ಸೆರಗಿನ ತುಂಬ ಮಲ್ಲಿಗೆ ತಂದಳು. ಬಿಡಿ ಹೂವಲ್ಲ, ಒತ್ತಾಗಿ ಕಟ್ಟಿದ ಮಾರುಗಳು. ಅದನ್ನು ಕಂಡು ರೂಪಶ್ರೀಗೆ ಮೈ ಉರಿಯಿತು. ಮನೆಯಲ್ಲಿ ಕೂಸು ಹೋಗಿದೆ, ಈಕೆಗೆ ಹೂವು ಬೇಕಾಯಿತು.

"ಈಗ ಯಾರು ಮುಡೀತಾರತ್ತೆ ಇದ?" ಎಂದಳು ಒರಟಾಗಿ.

ದೊಡ್ಡಮಲ್ಲಮ್ಮ ಸೀದಾ ಕೋಣೆಯೊಳಗೆ ಹೋದಳು. ರೂಪಶ್ರೀ ಹಿಂದೆಯೇ ಹೋದಳು. ಮೇಘನಾ ಹಾಸಿಗೆಯ ಮೇಲೆ ಎದ್ದು ಕೂತು ಎರಡೂ ತೋಳುಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡಿದ್ದಳು. ನೈಟಿಯ ಮುಂಭಾಗ ಎರಡು ಕಡೆ ಒದ್ದೆಯಾಗಿತ್ತು. ರಾತ್ರಿಯಿಂದ ಹಾಲು ಇಳಿಯುತ್ತಿತ್ತು. ಅವಳು ಅಕ್ಕನಿಗೆ ಹೇಳಿರಲಿಲ್ಲ. ಅತ್ತೆ ನೋಡಿಬಿಟ್ಟಿದ್ದಳು.

"ಮಲ್ಲಿಗೆ ಕಟ್ಟುದ್ರೆ ಆಲು ಇಂಗ್ತದೆ ಕಣವ್ವ. ತೋಳು ತಗಿ" ಎಂದು ದೊಡ್ಡಮಲ್ಲಮ್ಮ ಮೇಘನಾಳ ಬೆನ್ನ ಹಿಂದೆ ಕೂತಳು. ಹೂವಿನ ಮಾರುಗಳನ್ನು ಎದೆಯ ಸುತ್ತ ಸುತ್ತಿ, ಮೇಲೆ ತನ್ನ ಹಳೆಯ ಮೆತ್ತನೆ ಸೀರೆಯ ತುಂಡಿನಿಂದ ಬಿಗಿಯತೊಡಗಿದಳು.

"ನೋಯ್ತದೆ ಅತ್ತೆ."

"ನೋಯ್ತದೆ."

"ನಿಮ್ಗೆ ಇದು ಹೆಂಗೊತ್ತು?" ಎಂದು ರೂಪಶ್ರೀ ಕೇಳಿದಳು. ಅವಳ ಧ್ವನಿ ಈಗ ಇಳಿದಿತ್ತು.

"ನಂಗೂ ಕಟ್ಟಿದ್ರು" ಎಂದಳು ದೊಡ್ಡಮಲ್ಲಮ್ಮ. ತನಗಿಂತ ಮೊದಲು ತಾಯಿಗೆ ಇನ್ನೊಂದು ಕೂಸು ಹುಟ್ಟಿತ್ತೆಂದು ಮಾದೇಶ್ ಎಂದೂ ಹೇಳಿದವನಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಸಂಜೆ ಬಿಚ್ಚಿದಾಗ ಹೂವು ಕಂದಿ, ಹಾಲಿನಲ್ಲಿ ನೆನೆದು ಮುದ್ದೆಯಾಗಿತ್ತು. ಕಾಲು ತುಳಿಯುವ ಕಡೆ ಹಾಕಬೇಡ ಎಂದು ದೊಡ್ಡಮಲ್ಲಮ್ಮ ಹೇಳಿದ್ದರಿಂದ ರೂಪಶ್ರೀ ಅದನ್ನು ಹಿತ್ತಲ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಎಳೆದಳು. ಮರುದಿನ ಹೂವು ತರಲು ದೊಡ್ಡಮಲ್ಲಮ್ಮ ಹೊರಟಾಗ ಅವಳನ್ನು ತಡೆದು ತಾನೇ ಹೋದಳು. ಮುಂದಿನ ದಿನವೂ ಹೋದಳು. ಕಟ್ಟುವುದನ್ನೂ ಕಲಿತಳು. ಮೇಘನಾ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಒಂದು ದಿನ ಕಟ್ಟಿ ಮುಗಿದ ಮೇಲೂ ಅವಳು ಏಳದೆ ಹಾಗೆಯೇ ಹಿಂದಕ್ಕೆ ಒರಗಿ ಅಕ್ಕನ ಎದೆಗೆ ತಲೆಯಿಟ್ಟಳು.

ಹೀಗೇ ಕೆಲವು ದಿನ ಕಳೆದವು. ಒಂದು ಬೆಳಗ್ಗೆ, ಹಿಂದಿನ ಸಂಜೆ ಬಿಚ್ಚದೆ ಬಿಟ್ಟಿದ್ದ ಕಟ್ಟನ್ನು ಬಿಚ್ಚಿ ನೋಡಿದರೆ ಹೂವು ಬಾಡಿತ್ತು, ಆದರೆ ಹಾಲಿನ ಒದ್ದೆ ಇರಲಿಲ್ಲ. ಮೇಘನಾ ಅದನ್ನು ಕೈಗೆ ತೆಗೆದುಕೊಂಡು, ಮುಟ್ಟಿ ಮುಟ್ಟಿ ನೋಡಿದಳು. "ಅತ್ತೆ, ನಿಂತೋಯ್ತು" ಎಂದಳು. ಆಮೇಲೆ ಅವಳು ಅತ್ತ ಅಳುವನ್ನು ರೂಪಶ್ರೀ ಅದುವರೆಗೆ ಕೇಳಿರಲಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲ ಮೇಲೆ ಅವಳು ಹೀಗೆ ಅತ್ತಿರಲಿಲ್ಲ, ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ರೂಪಶ್ರೀ ಅವಳನ್ನು ತಬ್ಬಿ ಹಿಡಿದಳು. ಅವತ್ತು ತಾನೇ ಪೇಟೆಗೆಂದು ಚಪ್ಪಲಿ ಮೆಟ್ಟಿ ನಿಂತಿದ್ದ ದೊಡ್ಡಮಲ್ಲಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಡಿಯ ಮೇಲೆ ಕೈಯೂರಿ ಅವರ ಪಕ್ಕದಲ್ಲಿ ನೆಲಕ್ಕೆ ಕೂತಳು.